ಹಳೇ ಕಾರಿನ ಇನ್ಶೂರೆನ್ಸ್: ಓಡಿಸ್ಕೊಂಡು ಹೋಗೋಕೆ ಯಾವುದು, ಲಾರಿಗೆ ಯಾವುದು, ಹಡಗಿಗೆ ಯಾವುದು

ನನ್ನ ಹತ್ರ 1968ರ ಫಿಯೆಟ್ ಡಿಲೈಟ್ ಇದೆ. ತೀರ್ಥಹಳ್ಳಿಯ ಭಾವನ ಹತ್ರ ವಿಲ್ಲೀಸ್ ಜೀಪಿದೆ. ಎರಡೂ ಶೋ, ರ‍್ಯಾಲಿ ಅಂತ ತಿರುಗುತ್ತವೆ, ಜೀಪು ನೇಪಾಳವನ್ನೂ ನೋಡಿ ಬಂದಿದೆ. ಶಿವಮೊಗ್ಗದಲ್ಲಿ ಯಾವ ಏಜೆಂಟರನ್ನು ಕೇಳಿದರೂ ಮೊದಲು ಹೇಳುವುದು ಪ್ರೀಮಿಯಂ ಎಷ್ಟು ಅಂತ. ನಾವು ಬೇರೆ ಬೇರೆ ಥರ ಮಾಡಿಸಿ ನೋಡಿದ ಮೇಲೆ ನಾನು ಕೇಳುವುದು ಒಂದೇ, ಈ ಪಾಲಿಸಿ ಎಲ್ಲಿಗೆ ಬಂದು ನಿಂತುಬಿಡುತ್ತೆ?

ಬರೀ ಥರ್ಡ್ ಪಾರ್ಟಿಯ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ ಕೊಡುವ ಪಾಲಿಸಿಯ) ವಿಷಯ ಬೇಗ ಮುಗಿಸುತ್ತೇನೆ. 1000ದಿಂದ 1500 ಸಿಸಿ ಒಳಗಿನ ಕಾರಿಗೆ 2022ರ ದರದಲ್ಲಿ ವರ್ಷಕ್ಕೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ವಿಂಟೇಜ್ ಅಂತ ನೋಂದಣಿಯಾಗಿದ್ದರೆ ಅದರಲ್ಲಿ ಅರ್ಧ. ಪೊಲೀಸರಿಗೆ ತೋರಿಸೋಕೆ ಸಾಕು. ಆಗುಂಬೆ ಕಡೆ ಜುಲೈನಲ್ಲಿ ಮರ ಬಿದ್ದರೆ ಒಂದು ಪೈಸೆ ಬರಲ್ಲ.

ಇನ್ನು ಫುಲ್ ಇನ್ಶೂರೆನ್ಸ್, ಅಂದರೆ ನಮ್ಮ ಗಾಡಿಯ ನಷ್ಟಕ್ಕೂ ಕೊಡುವುದು. ನಿಜವಾದ ಜಗಳ ಇರುವುದೇ ಇಲ್ಲಿ. ಐದು ವರ್ಷದ ಒಳಗಿನ ಗಾಡಿಗೆ ಐಡಿವಿ (ಪಾಲಿಸಿಯಲ್ಲಿ ಬರೆಯುವ ಗಾಡಿಯ ಬೆಲೆ) ಎಷ್ಟು ಕಡಿಮೆ ಮಾಡಬೇಕು ಅಂತ ಪಟ್ಟಿ ಇದೆ. ಐದು ದಾಟಿದರೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಒಪ್ಪಿದ್ದೇ ಬೆಲೆ. ಆನ್‌ಲೈನ್‌ನಲ್ಲಿ ಹಾಕಿದರೆ ಗುಜರಿ ಬೆಲೆ ತೋರಿಸುತ್ತೆ, ಪ್ರೀಮಿಯಂ ಕಡಿಮೆ ಅಂತ ಜನ ಖುಷಿಯಾಗಿ ಒಪ್ಪುತ್ತಾರೆ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಗಾಡಿ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಅಂದರೆ 60 ಸಾವಿರ ಐಡಿವಿ ಇದ್ದರೆ 45 ಸಾವಿರದ ಮೇಲಿನ ಕೆಲಸ ಬಂದ ಕೂಡಲೇ ನಿಮ್ಮ ಕಾರು ಕಾಗದದಲ್ಲಿ ಸತ್ತ ಹಾಗೆ. ಹಳೇ ಕಾರಿಗೆ ಮುಂದಿನ ಮಡ್‌ಗಾರ್ಡ್, ಗ್ರಿಲ್, ಪೇಂಟು ಅಂತ ಕೂತರೆ ಅಷ್ಟು ಸುಮ್ನೆ ಆಗುತ್ತೆ.

ಹಾಗಾಗಿ ನಾನು ಆಫೀಸಿಗೇ ಹೋಗಿ, ಫೋಟೋ, ರಿಪೇರಿ ಬಿಲ್ಲು, ಒಬ್ಬ ವ್ಯಾಲ್ಯೂಯರ್ ಬರೆದ ಪತ್ರ ಎಲ್ಲ ಇಟ್ಟು, 4 ಲಕ್ಷ ಐಡಿವಿಗೆ ಒಪ್ಪಿಸಿದೆ. ಹಳೇ ಟ್ಯಾರಿಫ್ (ಎಲ್ಲ ಕಂಪನಿಗೂ ಒಂದೇ ಅಂತ ಇದ್ದ ದರಪಟ್ಟಿ) ಲೆಕ್ಕದಲ್ಲಿ ಪ್ರೀಮಿಯಂ ನೂರಕ್ಕೆ ಮೂರೂವರೆ ರೂಪಾಯಿ ಆಸುಪಾಸು, ಅದರ ಮೇಲೆ ರಿಯಾಯಿತಿ ಕೇಳಬಹುದು. ಜಾಸ್ತಿ ಅನ್ನಿಸುತ್ತೆ ಅಲ್ವಾ? ಆದರೂ ಕೊಡುತ್ತೇನೆ.

ಕ್ಲೇಮ್ ಕೂಡ ಆಗಿದೆ. ಮಂಡಗದ್ದೆ ಹತ್ರ ಅಡಿಕೆ ಮೂಟೆ ತುಂಬಿದ್ದ ಪಿಕಪ್ ಹಿಂದಕ್ಕೆ ಬಂದು ಮುಂದಿನ ಬಂಪರಿಗೆ, ಎಡಗಡೆ ಮಡ್‌ಗಾರ್ಡಿಗೆ ಗುದ್ದಿತು. ಹತ್ತು ವರ್ಷ ದಾಟಿದ ಗಾಡಿಯ ಕಬ್ಬಿಣದ ಭಾಗಕ್ಕೆ ಅರ್ಧ ದುಡ್ಡು, ರಬ್ಬರು, ಪ್ಲಾಸ್ಟಿಕ್ಕಿಗೂ ಅರ್ಧ, ಗಾಜಿಗೆ ಮಾತ್ರ ಪೂರ್ತಿ. ಆದರೆ ಕೂಲಿಗೆ ಕಡಿತ ಇಲ್ಲ. ಹಳೇ ಕಾರಿನ ಬಿಲ್ಲಿನಲ್ಲಿ ಸಾಮಾನಿಗಿಂತ ಟಿಂಕರಿಂಗ್ ಕೂಲಿಯೇ ದೊಡ್ಡದು, ಹಾಗಾಗಿ ಕೈಗೆ ಬಂದದ್ದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ತಕರಾರು ಬಂದದ್ದು ಬಂಪರಿಗೆ. ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದ ಒರಿಜಿನಲ್ ಕ್ರೋಮ್ ಬಂಪರು, ಬಿಲ್ಲು ಅಂದರೆ ಒಂದು ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದ ಮೊತ್ತ. ನಷ್ಟ ಲೆಕ್ಕ ಹಾಕೋಕೆ ಬಂದ ಸರ್ವೇಯರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಕ್ಕು, ವಾಪಸ್ ಕೊಟ್ಟರು.

ವಿಂಟೇಜ್ ನೋಂದಣಿ ಬಗ್ಗೆ ತುಂಬಾ ಜನ ಕೇಳುತ್ತಾರೆ. 2021ರ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತೆ. ಹಳೇ ಮೂರಕ್ಷರದ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಓಡಿಸುವುದು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ. ನಾನು ಭಾನುವಾರ ಗಾಂಧಿ ಬಜಾರಿಗೆ ತರಕಾರಿಗೂ ಇದೇ ಕಾರಲ್ಲಿ ಹೋಗುವವನು, ನನಗೆ ಬೇಡ. ಶೆಡ್ಡಿನಿಂದ ಶೋಗೆ ಮಾತ್ರ ತೆಗೆಯುವವರಿಗೆ ಸರಿ.

ರ‍್ಯಾಲಿ ಅಂದೆ. ಮಾಮೂಲಿ ಪಾಲಿಸಿಯಲ್ಲಿ ರೇಸು, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿ ಕೆಡದೆ ಓಡುತ್ತಾ ಅಂತ ನೋಡುವ ಸ್ಪರ್ಧೆ) ಇವೆಲ್ಲ ಹೊರಗೆ ಅಂತ ಬರೆದಿರುತ್ತೆ. ಮೆರವಣಿಗೆ ಥರ ಹೋಗುವ ರ‍್ಯಾಲಿ ಬೇರೆ, ಟೈಮ್ ಇಟ್ಟು ಓಡಿಸುವ ರ‍್ಯಾಲಿ ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಬರೆದು ಸೇರಿಸುವ ಷರತ್ತು, ಬೇಕು. ಬಾಯಿಮಾತಲ್ಲಿ 'ಏನೂ ಆಗಲ್ಲ ಸಾರ್' ಅಂದರೆ ನಂಬಬೇಡಿ, ಮೇಲ್‌ನಲ್ಲಿ ಬರೆಸಿಕೊಳ್ಳಿ.

ನೇಪಾಳದ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ಇದಕ್ಕಿಂತ ಅಗ್ಗದ, ಕೆಲಸಕ್ಕೆ ಬರುವ ಕಾಗದ ಇನ್ನೊಂದಿಲ್ಲ. ನಮ್ಮ ಫುಲ್ ಪಾಲಿಸಿಯನ್ನೇ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗೆ ವಿಸ್ತರಿಸಬಹುದು, ಟ್ಯಾರಿಫ್ ಪ್ರಕಾರ 500 ರೂಪಾಯಿ, 12 ತಿಂಗಳವರೆಗೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ 100. ಶಿವಮೊಗ್ಗದ ಕೌಂಟರಿನಲ್ಲಿ ಇದನ್ನು ಕೇಳಿದಾಗ ಅವರೇ ಪುಸ್ತಕ ತೆಗೆದು ನೋಡಿದರು, ಪಾಪ. ಶ್ರೀಲಂಕಾ ಅಂತ ಬರೆದಿದ್ದರೂ ಹಡಗಿನಲ್ಲಿ ಹೋಗುವಾಗ ಆಗುವ ನಷ್ಟ ಇದರಲ್ಲಿ ಸೇರಲ್ಲ.

ಜೀಪನ್ನು ಗೋರಖ್‌ಪುರದವರೆಗೆ ಲಾರಿ ಮೇಲೆ ಕಳಿಸಿ, ಅಲ್ಲಿಂದ ಸೋನೌಲಿ ಗಡಿ ದಾಟಿಸಿ ಓಡಿಸಿದ್ದು. ಲಾರಿಗೆ ಬೇರೆ ಟ್ರಾನ್ಸಿಟ್ ಪಾಲಿಸಿ, ಗಾಡಿಯನ್ನು ಸಾಮಾನಿನ ಹಾಗೆ ಸಾಗಿಸುವಾಗ ಆಗುವ ನಷ್ಟಕ್ಕೆ. ಇದರಲ್ಲಿ ಎ ಮತ್ತು ಬಿ ಅಂತ ಇವೆ. ಬಿ ಅಗ್ಗ. ಬೆಂಕಿ, ಲಾರಿ ಗುದ್ದುವುದು, ಮಗುಚುವುದು, ಸೇತುವೆ ಮುರಿಯುವುದು ಇಷ್ಟಕ್ಕೆ. ಆದರೆ ಹಳೇ ಗಾಡಿ ಹಾಳಾಗುವುದು ಲಾರಿ ಮಗುಚಿ ಅಲ್ಲ, ಹಲಗೆ ಇಟ್ಟು ಹತ್ತಿಸುವಾಗ, ಹಗ್ಗ ಎಳೆದು ಬಿಗಿಯುವಾಗ. ಅದಕ್ಕೆ ಎ ಬೇಕು, ಅದರಲ್ಲಿ ಹೊರಗೆ ಅಂತ ಬರೆದದ್ದು ಬಿಟ್ಟು ಉಳಿದೆಲ್ಲ ಸೇರುತ್ತೆ. ಎ ಕೊಟ್ಟರೂ ಹಳೇ ವಾಹನ ಅಂತ ಗೀರು, ನೆಗ್ಗು, ತುಕ್ಕು ಹೊರಗಿಡುವ ಸಾಲು ಸೇರಿಸಿಬಿಡುತ್ತಾರೆ. ಲೋಡ್ ಆಗುವ ಮುಂಚೆ ಸರ್ವೇ ಮಾಡಿಸಿದರೆ ಗೀರು, ನೆಗ್ಗಿನ ಸಾಲು ತೆಗೆಸೋಕೆ ಚೌಕಾಶಿ ಮಾಡಬಹುದು. ಭಾವ ಮಾಡಿಸಿದರು, ತೆಗೆಸಿದರು. ಇಲ್ಲಿ ದುಡ್ಡು ಉಳಿಸುವುದು ದಡ್ಡತನ.

ದುಬೈ, ಯುರೋಪ್ ಕಡೆಯ ಶೋಗೆ ಕಳಿಸುವುದಾದರೆ ಆಟವೇ ಬೇರೆ. ನಾವು ಕೊಟೇಶನ್ ತರಿಸುವವರೆಗೆ ಹೋಗಿದ್ದೆವು. ಹಡಗಿನಲ್ಲಿ ಹೋಗುವ ಗಾಡಿಗೆ ಮರೈನ್ ಪಾಲಿಸಿ, ಅಲ್ಲಿಯ ರಸ್ತೆಗೆ ಅಲ್ಲಿಯದೇ ಥರ್ಡ್ ಪಾರ್ಟಿ, ಯಾಕಂದರೆ ಯುರೋಪಿನ ಗ್ರೀನ್ ಕಾರ್ಡ್ (ಒಂದು ದೇಶದ ಥರ್ಡ್ ಪಾರ್ಟಿ ಪಾಲಿಸಿಯನ್ನು ಇನ್ನೊಂದು ದೇಶ ಒಪ್ಪುವ) ವ್ಯವಸ್ಥೆಯಲ್ಲಿ ಭಾರತ ಇಲ್ಲ. ಇಂಗ್ಲೆಂಡಿನಲ್ಲಿ ಹಳೇ ಕಾರಿಗೆ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಮಾಮೂಲು, ಒಪ್ಪಿದ ಬೆಲೆ ಒಪ್ಪಿದ್ದೇ. ಆದರೆ ಅವು ಅಲ್ಲೇ ಇರುವವರ, ಅಲ್ಲೇ ನೋಂದಣಿಯಾದ ಕಾರಿಗೆ ಅಂತಲೇ ಮಾಡಿದ್ದು. ಹಡಗಿಗೆ ಮರೈನ್ ಪಾಲಿಸಿ ತಪ್ಪಿಸಲೇಬೇಡಿ. 2021ರಲ್ಲಿ ಸೂಯೆಜ್‌ನಲ್ಲಿ ಎವರ್ ಗಿವನ್ ಅನ್ನೋ ಹಡಗು ಸಿಕ್ಕಿಕೊಂಡಾಗ ಹಡಗಿನವರು ಜನರಲ್ ಆವರೇಜ್ ಘೋಷಿಸಿದರು. ಅಂದರೆ ಸಾಮಾನಿಗೆ ಏನೂ ಆಗದವರೂ ಬಿಡಿಸಿದ ಖರ್ಚಿನಲ್ಲಿ ಪಾಲು ಕೊಡಬೇಕು. ಪಾಲಿಸಿ ಇದ್ದರೆ ಅದನ್ನು ಕಂಪನಿ ನೋಡಿಕೊಳ್ಳುತ್ತೆ.

ಗಾಡಿ ಹೊರದೇಶಕ್ಕೆ ಒಯ್ಯುವಾಗ ಮಾಡಿಸುವ ಕಾರ್ನೆ ಅನ್ನೋ ಕಾಗದವನ್ನು ಕೆಲವರು ಇನ್ಶೂರೆನ್ಸ್ ಅಂದುಕೊಂಡಿದ್ದಾರೆ. ಅಲ್ಲ, ಅದು ಗಾಡಿಯನ್ನು ವಾಪಸ್ ತರುತ್ತೇವೆ ಅಂತ ಕಸ್ಟಮ್ಸ್‌ಗೆ ಕೊಡುವ ಗ್ಯಾರಂಟಿ. ನಮ್ಮಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕೊಡುತ್ತೆ. ಗ್ಯಾರಂಟಿ ಮೊತ್ತ ಗಾಡಿಯ ಬೆಲೆ ನೋಡಿ ನಿಗದಿಯಾಗುವುದರಿಂದ ಎಲ್ಲರಿಗೂ ಬೆಲೆ ಕಡಿಮೆ ಬರೆಸುವ ಆಸೆ. ಅದೇ ಗಾಡಿಗೆ ಮರೈನ್ ಪಾಲಿಸಿಯಲ್ಲಿ ಜಾಸ್ತಿ ಬರೆಸುವ ಆಸೆ. ನಷ್ಟವಾದ ದಿನ ಎರಡು ಕಾಗದ, ಎರಡು ಬೆಲೆ ಮೇಜಿನ ಮೇಲೆ ಬಂದರೆ ಸರ್ವೇಯರ್ ಯಾವುದನ್ನು ಹಿಡಿಯುತ್ತಾರೆ ಅಂತ ಹೇಳಬೇಕಾ?

ಭಾವ ಈಗ ಭೂತಾನ್ ಅಂತಿದ್ದಾರೆ. ಅದಕ್ಕೆ ಅದೇ 500 ರೂಪಾಯಿಯ ಕಾಗದ, ಲಾರಿಗೆ ಎ ಪಾಲಿಸಿ. ಹೊರಡುವ ಮುಂಚೆ ಎಂಡಾರ್ಸ್‌ಮೆಂಟಿನಲ್ಲಿ ಭೂತಾನ್ ಹೆಸರು ಬಿದ್ದಿದೆಯಾ ಅಂತ ನೋಡಿಕೊಂಡರೆ ಆಯಿತು.