ಬ್ರೋರಾ, ಪೋರ್ಟ್ ಎಲೆನ್: ನನ್ನ ಮತ ಬ್ರೋರಾಕ್ಕೆ

ಮಾರಾಟವಾಗದ ವಿಸ್ಕಿ ಗೋದಾಮುಗಳಲ್ಲಿ ತುಂಬಿಹೋದಾಗ, 1983ರಲ್ಲಿ ಸ್ಕಾಟ್ಲೆಂಡಿನ ಡಿಸ್ಟಿಲರ್ಸ್ ಕಂಪನಿ ಹಲವು ಡಿಸ್ಟಿಲರಿಗಳಿಗೆ ಬೀಗ ಹಾಕಿತು. ಅವುಗಳಲ್ಲಿ ಎರಡರ, ಬ್ರೋರಾ ಮತ್ತು ಪೋರ್ಟ್ ಎಲೆನ್‌ನ, ಹಳೆಯ ವಿಸ್ಕಿಯನ್ನು ಎಡಿನ್‌ಬರೋದ ಬಾರೊಂದರಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಕುಡಿದೆ. ಎರಡೂ ಎಪ್ಪತ್ತರ ದಶಕದವು, ನೀರು ಬೆರೆಸದೆ ಬಾಟಲಿಗೆ ತುಂಬಿದವು, ಎರಡರಲ್ಲೂ ಪೀಟ್ ಹೊಗೆ, ಅಂದರೆ ಬಾರ್ಲಿ ಒಣಗಿಸಲು ಉರಿಸುವ ಜೌಗುಮಣ್ಣಿನ ಹೊಗೆ.

ಪೋರ್ಟ್ ಎಲೆನ್ ಐಲಾ ದ್ವೀಪದ್ದು, ಶುರುವಾದದ್ದು 1825ರಲ್ಲಿ. ಅದೇ ದ್ವೀಪದಲ್ಲಿ ಕಂಪನಿಗೆ ಲಾಗವೂಲಿನ್ ಡಿಸ್ಟಿಲರಿ ಇತ್ತು, 1974ರಲ್ಲಿ ದೊಡ್ಡದಾಗಿ ಹೊಸದಾಗಿ ಕಟ್ಟಿದ ಕಲ್ ಈಲಾ ಇತ್ತು. ಮೂರನೆಯದು ಬೇಡವಾಯಿತು. ಮೂಗಿಗೆ ಮೊದಲು ನಿಂಬೆಸಿಪ್ಪೆ, ಬೆನ್ನಿಗೇ ಡಾಂಬರು, ಕಡಲ ಉಪ್ಪು. ಬಾಯಲ್ಲಿ ಖಡಕ್, ಒಣ ಹೊಗೆ. ಬಹಳ ಚೆನ್ನಾಗಿದೆ. ಆದರೆ ನಾಲ್ಕು ಹನಿ ನೀರು ಹಾಕಿದರೆ ಅದರ ಮೈ ತೆಳ್ಳಗಾಗುತ್ತದೆ.

ಬ್ರೋರಾ ಉತ್ತರದ ಸದರ್‌ಲ್ಯಾಂಡಿನದು. 1819ರಲ್ಲಿ ಕಟ್ಟಿದಾಗ ಇದರ ಹೆಸರೇ ಕ್ಲೈನ್‌ಲಿಶ್. ಪಕ್ಕದಲ್ಲೇ ಹೊಸ ಡಿಸ್ಟಿಲರಿ ಎದ್ದು ಆ ಹೆಸರನ್ನು ತೆಗೆದುಕೊಂಡಿತು, ಹಳೆಯದು 1968ರಲ್ಲಿ ಮುಚ್ಚಿತು. ಮರುವರ್ಷವೇ, ಹಲವು ವಿಸ್ಕಿ ಬೆರೆಸಿ ಮಾಡುವ ಬ್ಲೆಂಡ್‌ಗಳಿಗೆ ಐಲಾ ಬಗೆಯ ಹೊಗೆ ಬೇಕಾಗಿ ಅದನ್ನು ಮತ್ತೆ ತೆರೆದರು. 1973ರವರೆಗೆ ದಟ್ಟವಾಗಿ ಪೀಟ್ ಹಾಕಿದ ಆ ವರ್ಷಗಳ ಮಾಲನ್ನೇ ಜನ ಹುಡುಕುತ್ತಾರೆ, ನನ್ನ ಗ್ಲಾಸಿನಲ್ಲಿದ್ದದ್ದೂ ಅದೇ. ಮೂಗಿಗೆ ಹತ್ತಿರ ತಂದೊಡನೆ ದನದ ಕೊಟ್ಟಿಗೆ: ಒಣಹುಲ್ಲು, ಚರ್ಮ, ಹೊಗೆ. ಅದು ಹಿಡಿಸದವರು ಇಲ್ಲೇ ಗ್ಲಾಸ್ ಕೆಳಗಿಡಬಹುದು. ಸ್ವಲ್ಪ ಕಾದೆ. ಜೇನು ಬಂತು, ಆಮೇಲೆ ಮೇಣ. ತುಟಿಗೆ, ಅಂಗುಳಕ್ಕೆ ಸವರಿದ ಹಾಗೆ ಅಂಟಿಕೊಳ್ಳುವ ಆ ಜಿಡ್ಡು ಪೋರ್ಟ್ ಎಲೆನ್‌ನಲ್ಲಿ ಇಲ್ಲವೇ ಇಲ್ಲ. ನೀರು ಹಾಕಿದರೂ ಅದು ಕರಗಲಿಲ್ಲ. ಹೊಗೆಗೆ ನಿಲ್ಲಲು ಒಂದು ನೆಲ ಬೇಕು, ಬ್ರೋರಾದಲ್ಲಿ ಅದು ಇದೆ.

ಈಗ ಎರಡೂ ಮತ್ತೆ ತೆರೆದಿವೆ, ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ. ಬ್ರೋರಾದ ಹಳೆಯ ಭಟ್ಟಿಗಳ ಜೋಡಿ ಉಳಿದುಕೊಂಡಿತ್ತು, ಅವನ್ನೇ ರಿಪೇರಿ ಮಾಡಿ ಕೂರಿಸಿದ್ದಾರೆ. ಪೋರ್ಟ್ ಎಲೆನ್‌ನಲ್ಲಿ ಭಟ್ಟಿಗಳೂ ಹೊಸವು, ಅವುಗಳಲ್ಲಿ ಒಂದು ಜೋಡಿ ಹಳೆಯವುಗಳ ಅಳತೆಗೆ ಮಾಡಿಸಿದ್ದು. ಹೊಸ ಮಾಲು ಹದವಾಗಲು ಇನ್ನೂ ವರ್ಷಗಳು ಬೇಕು.

ಹಳೆಯ ಬಾಟಲಿಗಳ ಬೆಲೆ ಲಕ್ಷಗಳಲ್ಲಿದೆ, ಕೊಳ್ಳಿ ಎನ್ನಲಾರೆ. ಒಂದು ಪೆಗ್ ಸಿಕ್ಕರೆ ಬ್ರೋರಾ ಕೇಳಿ. ಮೇಣದ ರುಚಿಯಷ್ಟೇ ಸಾಕೆಂದರೆ ಪಕ್ಕದ ಮನೆಯ ಕ್ಲೈನ್‌ಲಿಶ್ 14 ವರ್ಷದ್ದು ಇದೆ. ನಿಂಬೆ, ಹೊಗೆ ಬೇಕೆನ್ನುವವರಿಗೆ ಕಲ್ ಈಲಾ 12.