ಮದುವೆ ವಿಡಿಯೋ ಎಡಿಟಿಂಗ್‌ಗೆ ತಗೊಂಡ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್: ಎರಡು ವರ್ಷ ಬಳಸಿದ ಮೇಲೆ

ಇಂಟೆಲ್ ಐ7 13700ಎಚ್‌ಎಕ್ಸ್ ಪ್ರೊಸೆಸರ್, ಎನ್ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಇಂಚಿನ ಪರದೆ. ಕಲಬುರಗಿಯಲ್ಲಿ ನಾನು ಮಾಡುವ ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೋ ಎಲ್ಲಾ ಈಗ ಇದರಲ್ಲೇ ಕಟ್ ಆಗುತ್ತವೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಇದೇ ಚಿಪ್‌ಗಳನ್ನು ಹಾಕಿ ನಾಲ್ಕೈದು ಕಂಪನಿಗಳು ಮಾರುತ್ತವೆ, ನಾನು ಹೇಳುವುದು ಹೆಚ್ಚುಕಡಿಮೆ ಎಲ್ಲದಕ್ಕೂ ಹೊಂದುತ್ತದೆ. ಸ್ಟಿಕ್ಕರ್ ಮೇಲಿನ ಹೆಸರು ನೋಡಿ ಲಕ್ಷ ರೂಪಾಯಿ ಕೊಡಬೇಡಿ, ಅಷ್ಟೇ ನನ್ನ ಮಾತು.

ಯಾಕೆ ಅಂದ್ರೆ, 4060 ಅಂತ ಬರೆದಿರುವ ಲ್ಯಾಪ್‌ಟಾಪ್‌ಗಳೆಲ್ಲ ಒಂದೇ ಅಲ್ಲ. ಈ ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಿ ಅಂತ ಎನ್ವಿಡಿಯಾ ತಯಾರಕರಿಗೇ ಬಿಟ್ಟಿದೆ. ತೆಳ್ಳಗಿರುವ ಮಾಡೆಲ್‌ಗಳಲ್ಲಿ ಶಾಖ ಹೊರಗೆ ಹಾಕುವುದಕ್ಕೆ ಜಾಗ ಇರುವುದಿಲ್ಲ, ಹಾಗಾಗಿ ವ್ಯಾಟ್ ಕಡಿಮೆ ಮಾಡಿರುತ್ತಾರೆ, ಹೆಸರು ಮಾತ್ರ ಅದೇ. ಕಂಪನಿಯ ಸ್ಪೆಸಿಫಿಕೇಶನ್ ಪುಟದಲ್ಲಿ ಟಿಜಿಪಿ ಅಂತ ಇರುತ್ತದೆ, ಅಂದ್ರೆ ಗ್ರಾಫಿಕ್ಸ್ ಚಿಪ್ ಎಷ್ಟು ವ್ಯಾಟ್ ಎಳೆಯಬಹುದು ಅನ್ನುವ ಲೆಕ್ಕ, ಅದನ್ನು ಹುಡುಕಿ ನೋಡಿ. ಬರೆದೇ ಇಲ್ಲ ಅಂದ್ರೆ ಬೇರೆ ಮಾಡೆಲ್ ನೋಡಿ. ನಂದು ಪೂರ್ತಿ ವ್ಯಾಟಿನದು, ಅದಕ್ಕೇ ಇಟ್ಟಿಗೆ ಗಾತ್ರದ 230 ವ್ಯಾಟ್ ಚಾರ್ಜರ್ ಜೊತೆಗೇ ಒಯ್ಯಬೇಕು. ಬ್ಯಾಗ್ ಭಾರ ಆಗುತ್ತದೆ, ನಿಜ. ಟೇಬಲ್ ಮೇಲೆ ಇಟ್ಟು ಕೆಲಸ ಮಾಡುವವರಿಗೆ ಅದು ದೊಡ್ಡ ವಿಷಯ ಅಲ್ಲ.

ಇನ್ನು ಕ್ಯಾಮೆರಾ ಫೈಲ್‌ನ ವಿಷಯ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸೋನಿಯಲ್ಲಿ ಎಕ್ಸ್‌ಎವಿಸಿ ಎಚ್‌ಎಸ್, 10 ಬಿಟ್, 4:2:2 ಅಂತ ಶೂಟ್ ಮಾಡುತ್ತೀರಿ ಅಲ್ವಾ, ಅದು ಎಚ್.265 ಅನ್ನುವ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿದ ಫೈಲ್, 4:2:2 ಅಂದ್ರೆ ಬಣ್ಣದ ವಿವರ ಜಾಸ್ತಿ ಉಳಿಸಿಕೊಂಡದ್ದು. 4060 ಕಾರ್ಡ್‌ಗೆ ಆ 4:2:2 ಫೈಲನ್ನು ನೇರವಾಗಿ ಬಿಡಿಸುವ (ಡಿಕೋಡ್ ಮಾಡುವ) ಹಾರ್ಡ್‌ವೇರೇ ಇಲ್ಲ. ಬಿಡಿಸುವುದು ಇಂಟೆಲ್ ಪ್ರೊಸೆಸರ್ ಒಳಗಿನ ಚಿಕ್ಕ ಗ್ರಾಫಿಕ್ಸ್, ಅದರಲ್ಲಿ ವಿಡಿಯೋ ಕೆಲಸಕ್ಕೇ ಇರುವ ಕ್ವಿಕ್ ಸಿಂಕ್ ಅನ್ನುವ ಭಾಗ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದಲ್ಲಿ ಧಾರೆ ಶಾಟ್ ಹಿಂದೆ ಮುಂದೆ ಎಳೆದಾಗ ತಡವರಿಸದೆ ಓಡುವುದು ಅದರಿಂದಲೇ. ಇಲ್ಲೊಂದು ಕಿವಿಮಾತು: ಮಕ್ಸ್ ಸ್ವಿಚ್ (ಪರದೆಯನ್ನು ನೇರವಾಗಿ ದೊಡ್ಡ ಕಾರ್ಡ್‌ಗೆ ಜೋಡಿಸುವ ಸ್ವಿಚ್) ಇರುವ ಲ್ಯಾಪ್‌ಟಾಪ್‌ನಲ್ಲಿ 'ದೊಡ್ಡ ಕಾರ್ಡ್ ಮಾತ್ರ' ಅನ್ನುವ ಮೋಡ್ ಇರುತ್ತದೆ, ಗೇಮ್ ಆಡುವವರು ಅದನ್ನೇ ಹಾಕಿ ಅನ್ನುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿದರೆ ಇಂಟೆಲ್ ಗ್ರಾಫಿಕ್ಸ್ ಪೂರ್ತಿ ಆಫ್ ಆಗಿ, ಟೈಮ್‌ಲೈನ್ ಮತ್ತೆ ಜಗ್ಗುವುದಕ್ಕೆ ಶುರು. ಎಡಿಟಿಂಗ್‌ಗೆ ಎರಡು ಗ್ರಾಫಿಕ್ಸೂ ಆನ್ ಇರುವ ಹೈಬ್ರಿಡ್ ಮೋಡೇ ಸರಿ.

ಪರದೆ ವಿಷಯದಲ್ಲಿ ರಾಜಿ ಆಗಲೇಬೇಡಿ. ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎರಡೂ ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅಂತ ಅಳೆಯುವ ಮಾನದಂಡಗಳು. 45 ಶೇಕಡಾ ಎನ್‌ಟಿಎಸ್‌ಸಿ ಅಂತ ಬರೆದಿದ್ದರೆ ಅದು ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗವನ್ನೂ ತೋರಿಸುವುದಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ಅದರಲ್ಲಿ ಮಂಕಾಗಿ ಕಾಣುತ್ತದೆ, ಮಂಕಾಗಿದೆ ಅಂತ ನೀವು ಬಣ್ಣ ಏರಿಸುತ್ತೀರಿ, ಆಮೇಲೆ ಮನೆಯವರ ಟಿವಿಯಲ್ಲಿ ಅದೇ ಸೀರೆ ಕಣ್ಣಿಗೆ ಚುಚ್ಚುತ್ತದೆ. ನೂರು ಶೇಕಡಾ ಎಸ್‌ಆರ್‌ಜಿಬಿ ಇರಲೇಬೇಕು. ಸಾಧ್ಯವಾದರೆ ಅಂಗಡಿಗೇ ಹೋಗಿ ಕಣ್ಣಾರೆ ನೋಡಿ. ನಮ್ಮ ಕಡೆಯವರಿಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ, ಬೆಳಿಗ್ಗೆ ರೈಲು ಹತ್ತಿದರೆ ಆಯಿತು. ನಿಮ್ಮದೇ ಒಂದು ವಿಡಿಯೋ ಕ್ಲಿಪ್ಪನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ವಾರಂಟಿ ಮನೆಗೇ ಬಂದು ಮಾಡಿಕೊಡುವಂಥದ್ದಾ, ಅದೂ ನಿಮ್ಮ ಊರಿಗೆ ಬರುತ್ತಾರಾ ಅಂತ ಕೇಳಿಕೊಳ್ಳಿ.

ಮನೆಗೆ ತಂದ ದಿನ ಮಾಡಬೇಕಾದ ಕೆಲಸ ಸುಮಾರಿದೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದ ಮೇಲೆ ಡಿಸ್ಕ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಹಾಕುವ ಬೀಗ) ಎಷ್ಟೋ ಸಲ ತಾನಾಗೇ ಆನ್ ಆಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮುಂದೆ ಯಾವತ್ತಾದರೂ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಗಿರಾಕಿಯ ಮದುವೆ ಫೂಟೇಜ್ ಸಮೇತ ಎಲ್ಲಾ ಹೋಯಿತು. ಮೊದಲ ದಿನವೇ ಅಕೌಂಟ್‌ನಿಂದ ಅದನ್ನು ತೆಗೆದು ಕಾಗದದ ಮೇಲೆ ಬರೆದಿಡಿ.

ಕನ್ನಡ ಟೈಪಿಂಗ್‌ಗೆ ಈಗ ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ, ವಿಂಡೋಸ್‌ನಲ್ಲೇ ಫೊನೆಟಿಕ್ ಕೀಬೋರ್ಡ್ ಇದೆ. ತುಂಗಾ ಫಾಂಟ್ ಮಾತ್ರ ಮೊದಲೇ ಇರುವುದಿಲ್ಲ, ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಳ್ಳಬೇಕು. ಪ್ರೀಮಿಯರ್‌ನಲ್ಲಿ ಟೈಟಲ್ ಬರೆದಾಗ 'ಲಕ್ಷ್ಮೀ' ಒಡೆದು, ಒತ್ತಕ್ಷರ ಪಕ್ಕಕ್ಕೆ ಬಂದು ಕೂತರೆ ಫಾಂಟ್ ಬದಲಿಸುತ್ತಾ ಕೂರಬೇಡಿ. ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನ್ನನ್ನು 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಮಾಡಿ, ಅಕ್ಷರ ಸರಿಯಾಗಿ ಕೂರುತ್ತದೆ. ಮದುಮಗಳ ಹೆಸರು ತಪ್ಪಾಗಿ ಮೂಡಿದ ವಿಡಿಯೋ ಒಂದು ಮನೆಯಲ್ಲಿ ಜೀವಮಾನವಿಡೀ ಇರುತ್ತದೆ. ದಯವಿಟ್ಟು ಇದನ್ನು ಸಣ್ಣ ವಿಷಯ ಅನ್ನಬೇಡಿ.

ಬೇಸಿಗೆ ಬಗ್ಗೆ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮದುವೆ ಸೀಸನ್ನೂ ಅದೇ. ಕೋಣೆಯ ಗಾಳಿಯೇ ಅಷ್ಟು ಬಿಸಿ ಇದ್ದರೆ ಯಾವ ಫ್ಯಾನ್ ಏನು ಮಾಡೀತು, ಎಕ್ಸ್‌ಪೋರ್ಟ್ ವೇಗ ಇಳಿಯುತ್ತದೆ. ಹಿಂಭಾಗ ಎತ್ತರಿಸುವ ಸ್ಟ್ಯಾಂಡ್ ಇಟ್ಟು, ದೊಡ್ಡ ಎಕ್ಸ್‌ಪೋರ್ಟನ್ನೆಲ್ಲ ರಾತ್ರಿಗೆ ಹಾಕುತ್ತೇನೆ. ಬೇಸಿಗೆಗೆ ಮುಂಚೆ ಒಂದು ಸಲ ಧೂಳು ತೆಗೆಸಿ. ಲೋಹದ ಮೈ ಮುಟ್ಟಿದಾಗ ಅಂಗೈಗೆ ಜುಮ್ ಅಂದರೆ ಮೊದಲು ಗೋಡೆಯ ಪ್ಲಗ್‌ನ ಅರ್ಥಿಂಗ್ ನೋಡಿಸಿ, ಹಳೆಯ ಮನೆಗಳಲ್ಲಿ ಅದು ಇರುವುದೇ ಕಡಿಮೆ. ಯಾವಾಗಲೂ ಚಾರ್ಜರ್ ಹಾಕಿಯೇ ಇರುವುದರಿಂದ ಬ್ಯಾಟರಿಯನ್ನು 80 ಶೇಕಡಾಕ್ಕೆ ನಿಲ್ಲಿಸಿದ್ದೇನೆ, ಇನ್ನೂ ಚೆನ್ನಾಗಿದೆ. ಬ್ಯಾಟರಿ ಮೇಲೆ ಎಡಿಟಿಂಗ್ ಆಗುತ್ತದೆ ಅಂತ ನಂಬಿ ಮಾತ್ರ ಇಂಥದ್ದನ್ನು ತಗೋಬೇಡಿ, ಚಾರ್ಜರ್ ತೆಗೆದ ಕೂಡಲೇ ವೇಗ ಕುಸಿಯುತ್ತದೆ.

16 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿ ಬಂದಿತ್ತು, ಇನ್ನೊಂದು ಅಷ್ಟೇ ದೊಡ್ಡದು ಹಾಕಿದೆ. ಜಾಗ ಜಾಸ್ತಿ ಆಗುವುದಷ್ಟೇ ಅಲ್ಲ, ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್‌ನಲ್ಲಿ, ಅಂದ್ರೆ ಎರಡೂ ದಾರಿಯಲ್ಲಿ ಒಟ್ಟಿಗೆ, ಓಡುತ್ತದೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಆಮೇಲೆ ಹಾಕಿಸೋಣ ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ. ಈಗ ತಗೊಳ್ಳುವವರು 32 ಜಿಬಿ ಇರುವುದನ್ನೇ ನೋಡಿ. ಹೊಸ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು ತಾವೇ 4:2:2 ಫೈಲ್ ಬಿಡಿಸುತ್ತವೆ, ಇಂಟೆಲ್ ಗ್ರಾಫಿಕ್ಸ್ ನೆಚ್ಚಿಕೊಳ್ಳಬೇಕಿಲ್ಲ, ಹಾಗಾಗಿ ಅದರ ಜೊತೆ ಎಎಮ್‌ಡಿ ಪ್ರೊಸೆಸರ್ ಬಂದರೂ ತೊಂದರೆ ಇಲ್ಲ. ವ್ಯಾಟ್ ಮಾತ್ರ ಅಲ್ಲೂ ನೋಡಿಯೇ ತಗೊಳ್ಳಿ.