ನುಗ್ಗೆ ಮರದ ಕಂಬಳಿ ಹುಳದ ಫೋಟೋ ತೆಗೆಯೋಕೆ ಹೊರಟಿದ್ರೆ ಇದನ್ನ ಓದ್ಕೊಂಡು ಹೋಗಿ

ಮ್ಯಾಕ್ರೋ ಹುಚ್ಚು, ಅಂದ್ರೆ ಸಣ್ಣ ಹುಳ-ಹುಪ್ಪಟೆನ ತೀರಾ ಹತ್ರದಿಂದ ದೊಡ್ಡದಾಗಿ ಫೋಟೋ ತೆಗೆಯೋ ಹುಚ್ಚು, ಹೊಸದಾಗಿ ಹಿಡಿದೋರಿಗೆ ಹೇಳ್ತಿರೋದು. ನಮ್ದು ಶಿರಸಿ ಹತ್ರದ ಹಳ್ಳಿ, ಮಳೆಗಾಲದಲ್ಲಿ ಮನೆ ಹಿತ್ತಲಲ್ಲೇ ಬೇಕಾದಷ್ಟು ಹುಳ ಸಿಗತ್ತೆ. ನನ್ನ ಹತ್ರ ಮ್ಯಾಕ್ರೋ ಲೆನ್ಸ್ ಇಲ್ಲ, ಕ್ಯಾಮೆರಾ ಜೊತೆಗೇ ಬಂದ ಹಳೇ 18-55 ಕಿಟ್ ಲೆನ್ಸನ್ನೇ ರಿವರ್ಸ್ ರಿಂಗ್ ಹಾಕಿ ಉಲ್ಟಾ ಕೂರಿಸ್ಕೊಂಡಿದೀನಿ. 100 ಎಂಎಂ ಮ್ಯಾಕ್ರೋ ಇದ್ದೋರು ಸುಮಾರು ಅರ್ಧ ಅಡಿ ದೂರದಿಂದ ತೆಗೀಬಹುದು, ನಾವು ಹುಳಕ್ಕೆ ಮೂಗು ತಾಗೋ ಹಾಗೆ ಹೋಗ್ಬೇಕು.

ಕರಿಬೇವಿನ ಗಿಡದಲ್ಲಿ ಚಿಟ್ಟೆ ಮರಿ ಇರತ್ತಲ್ಲ, ಸಣ್ಣದಿದ್ದಾಗ ಹಕ್ಕಿ ಹಿಕ್ಕೆ ಥರ, ಬಲಿತ ಮೇಲೆ ಹಸಿರು, ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕೋಡು ಹೊರಗೆ ಹಾಕಿ ನಾತ ಬಿಡತ್ತೆ, ಅಷ್ಟೇ, ಏನೂ ಮಾಡಲ್ಲ. ಅದನ್ನ ಮುಟ್ಟಿ ಮುಟ್ಟಿ ನಂಗೆ ಇಲ್ಲದ ಧೈರ್ಯ ಬಂದಿತ್ತು.

ಪುಷ್ಯ ಮಳೆ ಒಂದು ಹೊಳವು ಕೊಟ್ಟಾಗ ನೋಡಿದ್ರೆ ನುಗ್ಗೆ ಕಾಂಡದ ಮೇಲೆ ಕಂಬಳಿ ಹುಳದ ದೊಡ್ಡ ಗುಂಪು. ಆಯಿ ಬಾಗಿಲಲ್ಲೇ ನಿಂತು "ತಮಾ, ಅದ್ನ ಮುಟ್ಟಡ" ಅಂದ್ಲು. ನಾನು ಹುಳ ಮುಟ್ಲೇ ಇಲ್ಲ ಮಾರಾಯ್ರೆ! ಕ್ಯಾಮೆರಾ ಅಲುಗಬಾರ್ದು ಅಂತ ಎಡಗೈನ ಕಾಂಡಕ್ಕೆ ಊರಿದೆ, ಅಲ್ಲಿ ಅವು ಕಳಚಿ ಬಿಟ್ಟ ಪೊರೆ ಅಂಟ್ಕೊಂಡಿತ್ತು, ಬೂದುಬಣ್ಣದ ಹತ್ತಿ ಥರ. ಆ ಪೊರೆ ಮೇಲಿನ ಕೂದಲೂ ಚುಚ್ಚತ್ತೆ ಅಂತ ಆಗ ಗೊತ್ತಿರ್ಲಿಲ್ಲ.

ಐದು ನಿಮಿಷಕ್ಕೆ ಅಂಗೈ ಉರಿ. ಮೊದಲ್ನೇ ತಪ್ಪು, ಚಡ್ಡಿಗೆ ತಿಕ್ಕಿದ್ದು. ತಿಕ್ಕಿದಷ್ಟೂ ಕೂದಲು ಮುರಿದು ಒಳಗೆ ಹೋಗತ್ತೆ. ಸೆಲ್ಲೋ ಟೇಪ್ ಒತ್ತಿ ಒತ್ತಿ ಕಿತ್ತು, ಆಮೇಲೆ ಸೋಪು ನೀರಲ್ಲಿ ತೊಳೀಬೇಕಿತ್ತು. ಎರಡನೇದು ಇನ್ನೂ ದೊಡ್ಡದು, ಅದೇ ಕೈಲಿ ಬೆವರು ಒರೆಸೋಕೆ ಹೋಗಿ ಕಣ್ಣು ಉಜ್ಜಿದೆ. ರಾತ್ರಿಯೊಳಗೆ ರೆಪ್ಪೆ ಊದಿ ಕಣ್ಣೇ ಮುಚ್ಚಿಹೋಯ್ತು, ಮರಳು ಬಿದ್ದ ಹಾಗೆ ಚುಚ್ತಿತ್ತು. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಪೇಟೆಗೆ ಹೋದೆ. ಕಣ್ಣಿನ ಡಾಕ್ಟ್ರು ಮೆಷಿನ್ನಲ್ಲಿ ನೋಡಿ ಚಿಮಟದಲ್ಲಿ ಎರಡು ಕೂದಲು ತೆಗೆದ್ರು. ಈ ಕೂದಲಿಗೆ ಮುಳ್ಳಿರತ್ತಂತೆ, ಉಜ್ಜಿದ್ರೆ ಮುಂದಕ್ಕೇ ಸರಿಯತ್ತೆ, ಬಿಟ್ರೆ ಕಣ್ಣಿನ ಒಳಗೂ ಇಳೀಬಹುದು ಅಂದ್ರು. ಮನೇಲಿ ಕೂತು ಎಣ್ಣೆ ಹಾಕ್ಕೊಂಡು ಕಾದಿದ್ರೆ ಏನಾಗ್ತಿತ್ತೋ.

ಈಗ ಕೋಲು ಊರಿ ಅದಕ್ಕೆ ಕ್ಯಾಮೆರಾ ಆನಿಸ್ತೀನಿ, ಕನ್ನಡಕ ಹಾಕ್ಕೋತೀನಿ, ಗಾಳಿ ಇದ್ರೆ ಹೋಗೋದೇ ಇಲ್ಲ.

ಇನ್ನೊಂದು ಮರೆತಿದ್ದೆ. ಕಣ್ಣು ವಾಸಿಯಾಗಿ ಒಂದು ವಾರದ ಮೇಲೆ ಕ್ಯಾಮೆರಾ ಹಿಡಿದ್ರೆ ರೆಪ್ಪೆ ಮತ್ತೆ ತುರಿಕೆ. ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ) ಸುತ್ತಿನ ರಬ್ಬರಿಗೆ ಟೇಪ್ ಒತ್ತಿ ತೆಗೆದು ಬೆಳಕಿಗೆ ಹಿಡಿದೆ, ಮೂರು ಕೂದಲು.